ಲಮಾರ್ ಓಡಮ್ ಯಾಕೆ ತಾರೆಯಾಗಲಿಲ್ಲ

ಕೇಳುಗರಿಗೆ ನಮಸ್ಕಾರ.

ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಎದುರಾಳಿ ಎಸೆದ ಚೆಂಡು ರಿಂಗಿಗೆ ಬಡಿದು ಆಚೆ ಬಂತು ಅಂತ ಇಟ್ಟುಕೊಳ್ಳಿ. ಗುಂಪಿನ ನಡುವಿನಿಂದ ಒಬ್ಬ ಎದ್ದು ಅದನ್ನು ಹಿಡಿಯುತ್ತಾನೆ. ಎತ್ತರ 6 ಅಡಿ 10 ಅಂಗುಲ. ಅಷ್ಟೆತ್ತರದ ಹುಡುಗನಿಗೆ ನಮ್ಮ ಕಡೆ ಯಾವ ಕೋಚ್ ಆದರೂ ಹೇಳಿಕೊಡುವ ಪಾಠ ಒಂದೇ: ಹಿಡಿ, ಗಲ್ಲದ ಕೆಳಗೆ ಬಿಗಿಯಾಗಿ ಇಟ್ಟುಕೋ, ಮೊಣಕೈ ಅಗಲಿಸು, ಚೆಂಡು ಮುಂದಕ್ಕೆ ಒಯ್ಯುವ ಗಾರ್ಡ್ ಎಲ್ಲಿದ್ದಾನೆ ನೋಡಿ ಕೊಟ್ಟುಬಿಡು. ಈತ ಕೊಡುವುದಿಲ್ಲ. ಕಾಲು ನೆಲಕ್ಕೆ ತಾಗುತ್ತಲೇ ಎಡಗೈಯಲ್ಲಿ ಚೆಂಡು ಬಡಿಯುತ್ತಾ ಹೊರಟುಬಿಡುತ್ತಾನೆ. ಗಾರ್ಡ್‌ನನ್ನು ಹುಡುಕಿ ಪಾಸ್ ಕೊಡುವುದಕ್ಕೆ ಹಿಡಿಯುವ ಒಂದೆರಡು ಸೆಕೆಂಡು ಅಲ್ಲೇ ಉಳಿಯಿತು. ಅದಕ್ಕಿಂತ ದೊಡ್ಡ ಲಾಭ ಬೇರೆಯದು. ಇವನನ್ನು ಕಾಯಬೇಕಾದವನು ಎದುರಾಳಿ ತಂಡದ ದೊಡ್ಡಾಳು, ಓಟದಲ್ಲಿ ನಿಧಾನ. ಅವನು ಹಿಂದೆ ಬಿದ್ದರೆ ಯಾರೋ ಒಬ್ಬ ಪುಟ್ಟ ಗಾರ್ಡ್ ತನ್ನ ಆಳನ್ನು ಬಿಟ್ಟು ಅಡ್ಡ ಬರಬೇಕು. ಅವನು ಬರುವಷ್ಟರಲ್ಲಿ ಚೆಂಡು ಆ ಬಿಟ್ಟ ಆಳಿನ ಕೈ ಸೇರಿರುತ್ತದೆ.

ಲಮಾರ್ ಓಡಮ್ ಅಂದರೆ ಈ ಆಟ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ 1999ರಿಂದ 2013ರವರೆಗೆ ಆಡಿದ ಎಡಚ ಫಾರ್ವರ್ಡ್, ಅಂದರೆ ಮುಂಚೂಣಿಯ ಎತ್ತರದ ಆಟಗಾರ. ನ್ಯೂಯಾರ್ಕ್‌ನ ಕ್ವೀನ್ಸ್‌ನವರು. ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಒಂದೇ ಋತು ಆಡಿ, ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ 1999ರ ಆಯ್ಕೆಯಲ್ಲಿ ನಾಲ್ಕನೆಯವರಾಗಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದರು. ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 16.6 ಅಂಕ, 7.8 ರೀಬೌಂಡ್, 4.2 ಅಸಿಸ್ಟ್. ರೀಬೌಂಡ್ ಅಂದರೆ ತಪ್ಪಿ ಬಂದ ಎಸೆತವನ್ನು ಹಿಡಿಯುವುದು, ಅಸಿಸ್ಟ್ ಅಂದರೆ ಜೊತೆಗಾರನ ಅಂಕಕ್ಕೆ ದಾರಿ ಮಾಡಿದ ಪಾಸ್. ಇಪ್ಪತ್ತರ ಹುಡುಗನಿಂದ ಇಷ್ಟು ಬಂದರೆ ಯಾರಿಗೆ ಆಸೆ ಹುಟ್ಟುವುದಿಲ್ಲ? ಆದರೂ 961 ಪಂದ್ಯ ಆಡಿದ ಈ ಆಟಗಾರ ಒಂದೇ ಒಂದು ವರ್ಷವೂ, ಲೀಗ್‌ನ ಅತ್ಯುತ್ತಮರನ್ನು ಸೇರಿಸಿ ಕಟ್ಟುವ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾಗಲಿಲ್ಲ.

ಸೋಮಾರಿ, ಗಮನ ಇರಲಿಲ್ಲ, ಬದುಕಿನಲ್ಲಿ ಎಡವಿದ ಎಂದು ಜನ ಮಾತು ಮುಗಿಸುತ್ತಾರೆ. ಎಡವಿದ್ದು ನಿಜವೇ. ಲೀಗ್‌ನ ಮಾದಕ ವಸ್ತು ನಿಯಮ ಮುರಿದು 2001ರಲ್ಲಿ ಎರಡು ಸಲ ಅಮಾನತಾದರು. ಗಾಯಗಳೂ ಸೇರಿ, ಮುಂದಿನ ಎರಡು ಋತುಗಳಲ್ಲಿ ಆಡಿದ್ದು 29 ಮತ್ತು 49 ಪಂದ್ಯ ಮಾತ್ರ. ಪೂರ್ತಿ ಋತುವೆಂದರೆ 82. ಹನ್ನೆರಡನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಕೈಯಲ್ಲಿ ಬೆಳೆದವರು. 2006ರಲ್ಲಿ ಆರು ತಿಂಗಳ ಮಗುವನ್ನು ಕಳೆದುಕೊಂಡವರು. ಇಷ್ಟನ್ನು ಹೊತ್ತು ಆಡಿದವರ ಬಗ್ಗೆ ಸೋಮಾರಿ ಅನ್ನುವ ಮಾತು ನ್ಯಾಯವಲ್ಲ. ಹೇಗೂ ತಾರೆಯಾಗದ್ದಕ್ಕೆ ಕಾರಣ ಅಂಗಳದ ಒಳಗೇ ಇದೆ. ಅದನ್ನು ನೋಡಿದರೆ ಮೈಸೂರು, ಮಂಡ್ಯದಲ್ಲಿ ಮಕ್ಕಳಿಗೆ ಆಟ ಕಲಿಸುವವರಿಗೆ ಉಪಯೋಗವೂ ಇದೆ.

ಮೊದಲು ತಾರೆ ಅಂದರೆ ಏನು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಕೈಗೆ ಬಂದ ಮೇಲೆ 24 ಸೆಕೆಂಡಿನೊಳಗೆ ಎಸೆಯಬೇಕು. ಮೊದಲ ಹದಿನೆಂಟು ಇಪ್ಪತ್ತು ಸೆಕೆಂಡಿನಲ್ಲಿ ಕೋಚ್ ಹಾಕಿಕೊಟ್ಟ ಲೆಕ್ಕ ಫಲಿಸಿದರೆ ಯಾರು ಬೇಕಾದರೂ ಅಂಕ ತರಬಹುದು. ಲೆಕ್ಕ ಕೆಟ್ಟು, ಗಡಿಯಾರದಲ್ಲಿ 5 ಉಳಿದು, ಐದೂ ಜನ ಡಿಫೆಂಡರ್‌ಗಳು ತಮ್ಮ ತಮ್ಮ ಜಾಗದಲ್ಲಿ ಭದ್ರವಾಗಿ ನಿಂತಿರುವಾಗ ಚೆಂಡು ಯಾರ ಕೈಗೆ ಹೋಗುತ್ತದೋ ಅವನು ತಾರೆ. ಅವನಿಗೆ ಹತ್ತು ಬಗೆಯ ವಿದ್ಯೆ ಬೇಕಿಲ್ಲ, ಒಂದು ಸಾಕು. ಆದರೆ ಆ ಒಂದು, ಎದುರಾಳಿಗೆ ಮೊದಲೇ ಗೊತ್ತಿದ್ದರೂ ನಡೆಯಬೇಕು.

ಓಡಮ್ ಕಾಲದ ಫಾರ್ವರ್ಡ್‌ಗಳನ್ನೇ ನೋಡಿ. ಟಿಮ್ ಡಂಕನ್ ರಿಂಗ್‌ನ ಎಡಬದಿಯಲ್ಲಿ ಓರೆಯಾಗಿ ನಿಂತು ಬೋರ್ಡಿಗೆ ತಾಗಿಸಿ ಚೆಂಡು ಇಳಿಸುತ್ತಿದ್ದರು. ಡರ್ಕ್ ನೊವಿಟ್ಸ್ಕಿ ಒಂದು ಕಾಲ ಮೇಲೆ ಹಿಂದಕ್ಕೆ ವಾಲಿ, ಇನ್ನೊಂದು ಮೊಣಕಾಲು ಮುಂದೆ ಎತ್ತಿ ಎಸೆಯುತ್ತಿದ್ದರು; ಆ ಮೊಣಕಾಲೇ ಡಿಫೆಂಡರ್‌ನನ್ನು ಒಂದಡಿ ದೂರ ಇಡುತ್ತಿತ್ತು. ಇಬ್ಬರೂ ಏನು ಮಾಡುತ್ತಾರೆಂದು ಲೀಗ್‌ಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ.

ಓಡಮ್ ಹತ್ತಿರ ಅಂಥದ್ದೊಂದು ಇರಲಿಲ್ಲ. ಅವರ ಆಟವೆಲ್ಲ ಆಗಲೇ ತೆರೆದಿದ್ದ ಬಿರುಕನ್ನು ಅಗಲ ಮಾಡುವ ಆಟ. ಎದುರಾಳಿ ಓಡುತ್ತಾ ಹಿಂದಕ್ಕೆ ಹೋಗುತ್ತಿದ್ದರೆ, ಇಬ್ಬರು ಸೇರಿ ಜೊತೆಗಾರ ಕೋಬಿ ಬ್ರಯಂಟ್‌ನ ಮೇಲೆ ಬಿದ್ದಿದ್ದರೆ, ಡಿಫೆನ್ಸ್ ಒಂದು ಹೆಜ್ಜೆ ಅಲುಗಿದ್ದರೆ ಸಾಕು, ಅವರ ಕಣ್ಣಿಗೆ ದಾರಿ ಕಂಡುಬಿಡುತ್ತಿತ್ತು. ಎಲ್ಲರೂ ಅಲುಗಾಡದೆ ನಿಂತಾಗ ಆ ಮೊದಲ ಬಿರುಕನ್ನು ತಾವೇ ಬಿಡಿಸುವುದು ಅವರಿಗೆ ಕಷ್ಟವಾಗುತ್ತಿತ್ತು.

ಯಾಕೆ ಕಷ್ಟ? ಕೈ ನೋಡಿ. ಎಡಚರಾದ ಓಡಮ್ ನುಗ್ಗುವುದು ಎಡಕ್ಕೆ, ಮುಗಿಸುವುದು ಎಡಗೈಯಲ್ಲಿ. ಲೀಗ್‌ನಲ್ಲಿ ಎಡಚರು ಕಡಿಮೆ ಇದ್ದದ್ದರಿಂದ ಮೊದಮೊದಲು ಇದೇ ಅನುಕೂಲವಾಯಿತು. ಆಮೇಲೆ ಡಿಫೆಂಡರ್‌ಗಳು ಎದುರಿಗೆ ನಿಲ್ಲುವುದನ್ನು ಬಿಟ್ಟು, ಅವರ ಎಡ ಸೊಂಟದ ಹತ್ತಿರಕ್ಕೆ ಅರ್ಧ ಆಳು ಸರಿದು ನಿಲ್ಲತೊಡಗಿದರು. ಬಲಕ್ಕೆ ದಾರಿ ಬಿಟ್ಟಂತೆ. ಬಲಕ್ಕೆ ಹೊರಟರೂ ಒಂದೆರಡು ಡ್ರಿಬಲ್ ಆದ ಮೇಲೆ ಓಡಮ್ ಗಿರಕಿ ಹೊಡೆದು ಮತ್ತೆ ಎಡಕ್ಕೆ ಬರುತ್ತಾರೆ ಅನ್ನುವುದು ಅವರಿಗೆ ಗೊತ್ತು. ಸಹಾಯಕ್ಕೆ ಬರುವ ಎರಡನೆಯವನು ಅಲ್ಲೇ ಕಾಯುತ್ತಿರುತ್ತಾನೆ.

ಹಾಗೆ ಒಳದಾರಿ ಕಟ್ಟಿದವನಿಗೆ ದೂರದಿಂದ ಎಸೆದು ಶಿಕ್ಷೆ ಕೊಡಬೇಕು. ಇಲ್ಲಿ ಲೆಕ್ಕ ಕೈಕೊಟ್ಟಿತು. ಎಸೆದರೆ ಮೂರು ಅಂಕ ಸಿಗುವ ಗೆರೆಯಾಚೆಯಿಂದ ಅವರ ವೃತ್ತಿಜೀವನದ ಸರಾಸರಿ ಶೇ. 31.2. ಅಂದರೆ ಎಸೆತಕ್ಕೆ ಒಂದು ಅಂಕಕ್ಕಿಂತ ಸ್ವಲ್ಪ ಕಡಿಮೆ. ಎಸೆಯಲಿ ಬಿಡು ಅಂತ ಡಿಫೆಂಡರ್ ಎರಡು ಹೆಜ್ಜೆ ಹಿಂದೆ ನಿಂತರೆ ಅವನಿಗೆ ನಷ್ಟವಿಲ್ಲ. ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯಲು ಸಿಗುವ ಫ್ರೀ ಥ್ರೋದಲ್ಲಿ ಶೇ. 69.3. ಎರಡು ಫ್ರೀ ಥ್ರೋ ಸಿಕ್ಕರೆ ತಂಡಕ್ಕೆ ಬರುವುದು ಸರಾಸರಿ 1.39 ಅಂಕ. ಶೇ. 83ರ ಮೇಲೆ ಹಾಕುತ್ತಿದ್ದ ಕೋಬಿಗೆ ಅದೇ ಎರಡು ಸಿಕ್ಕರೆ 1.67. ಬಿಗಿ ಪಂದ್ಯದ ಕೊನೆಗೆ ಫೌಲ್ ಆಗುವುದು ಖಚಿತ ಅನ್ನುವಾಗ ಕೋಚ್ ಯಾರ ಕೈಗೆ ಚೆಂಡು ಕೊಡುತ್ತಾನೆ ಅನ್ನುವುದಕ್ಕೆ ಈ ಸಣ್ಣ ಅಂತರವೇ ಸಾಕು.

ತಿದ್ದಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ತಿದ್ದಿಕೊಳ್ಳಲು ಒಂದು ಜಾಗದಲ್ಲಿ ನಿಲ್ಲಬೇಕು. ಮದುವೆ ಮನೆಯಲ್ಲಿ ಒಬ್ಬ ಇರುತ್ತಾನೆ ನೋಡಿ: ಎಲೆ ಹಾಕುವುದಕ್ಕೂ ಅವನೇ, ಸಾಂಬಾರ್ ಬಡಿಸುವುದಕ್ಕೂ ಅವನೇ, ವಾಲಗದವರಿಗೆ ಕಾಫಿ ಕೊಡುವುದಕ್ಕೂ ಅವನೇ, ರಾತ್ರಿ ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗಿ ನೆಂಟರನ್ನು ಕರೆತರುವುದಕ್ಕೂ ಅವನೇ. ಎಲ್ಲ ಗೊತ್ತಿರುವವನನ್ನು ಯಾರೂ ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ಓಡಮ್‌ಗೂ ಹಾಗೇ ಆಯಿತು. ಕ್ಲಿಪ್ಪರ್ಸ್‌ನಲ್ಲಿ ಹೆಚ್ಚಾಗಿ ಹೊರಗಿನ ಫಾರ್ವರ್ಡ್. 2003ರಲ್ಲಿ ಮಯಾಮಿ ಹೀಟ್‌ಗೆ ಹೋದಾಗ ರಿಂಗ್ ಬಳಿಯ ಫಾರ್ವರ್ಡ್. 2004ರಲ್ಲಿ ಶಕೀಲ್ ಓನೀಲ್ ಅವರನ್ನು ಮಯಾಮಿಗೆ ಕೊಟ್ಟ ಲೇಕರ್ಸ್ ತಂಡ, ಬದಲಿಗೆ ಪಡೆದ ಆಟಗಾರರಲ್ಲಿ ಓಡಮ್ ಒಬ್ಬರು. ಅಲ್ಲಿ ಮುಂದಿನ ವರ್ಷ ಫಿಲ್ ಜಾಕ್ಸನ್ ಮರಳಿ ಕೋಚ್ ಆದಾಗ, ಶಿಕಾಗೋದಲ್ಲಿ ಜಾಕ್ಸನ್ ಕೈಕೆಳಗೆ ಫಾರ್ವರ್ಡ್ ಸ್ಕಾಟಿ ಪಿಪ್ಪೆನ್ ಮಾಡಿದ, ಚೆಂಡು ತಂದು ಆಟ ಕಟ್ಟುವ ಕೆಲಸ ಇವರ ಪಾಲಿಗೆ ಬಂತು. 2010ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕಕ್ಕೆ ಎತ್ತರದವರು ಸಾಲದೆ ಬಂದಾಗ ರಿಂಗ್ ಅಡಿಯ ಸೆಂಟರ್ ಜಾಗದಲ್ಲಿ ನಿಂತು ಚಿನ್ನ ಗೆದ್ದರು.

ಮಯಾಮಿಯ ವರ್ಷದ ಬಗ್ಗೆ ಸ್ವಲ್ಪ ಹೇಳಬೇಕು, ತಾರೆಯಾಗುವುದಕ್ಕೆ ಅತಿ ಹತ್ತಿರ ಬಂದದ್ದು ಆಗಲೇ. 17.1 ಅಂಕ, 9.7 ರೀಬೌಂಡ್, 4.1 ಅಸಿಸ್ಟ್. ಆದರೆ ತಂಡ ಋತುವಿನ ಮೊದಲ ಏಳು ಪಂದ್ಯ ಸೋತಿತ್ತು. ಆಲ್ ಸ್ಟಾರ್ ಆಟದ ಮೊದಲ ಐವರನ್ನು ಆಗ ಪ್ರೇಕ್ಷಕರು ಆರಿಸುತ್ತಿದ್ದರು, ಉಳಿದ ಏಳು ಜನರನ್ನು ಕೋಚ್‌ಗಳು; ಸೋಲುವ ತಂಡದವರ ಕಡೆ ಕೋಚ್‌ಗಳ ಕಣ್ಣು ಹೋಗುವುದು ಕಡಿಮೆ. ಆ ಸಲ ಪೂರ್ವ ವಿಭಾಗದಿಂದ 13.6 ಅಂಕ, 10.3 ರೀಬೌಂಡ್ ಸರಾಸರಿಯ ಜಮಾಲ್ ಮಗ್ಲೋಯರ್‌ಗೂ ಜಾಗ ಸಿಕ್ಕಿತು. ಅವರು ಅಚ್ಚ ಸೆಂಟರ್, ಅವರ ಕೆಲಸ ಏನೆಂದು ಮತ ಹಾಕುವವರಿಗೆ ಸ್ಪಷ್ಟವಿತ್ತು. ಹೀಟ್ ಆಮೇಲೆ ಚೇತರಿಸಿಕೊಂಡು 42 ಗೆಲುವು, 40 ಸೋಲಿನೊಂದಿಗೆ ಋತು ಮುಗಿಸಿತು. ಅಷ್ಟೊತ್ತಿಗೆ ಮತದಾನ ಮುಗಿದು ಹೋಗಿತ್ತು.

ಲೇಕರ್ಸ್‌ನಲ್ಲಿ ಆಡಿದ್ದು ಟ್ರಯಾಂಗಲ್ ಪದ್ಧತಿ. ಒಬ್ಬ ಮೂಲೆಯಲ್ಲಿ, ಒಬ್ಬ ಬದಿಯಲ್ಲಿ, ಒಬ್ಬ ರಿಂಗ್ ಹತ್ತಿರ, ನಡುವೆ ಹದಿನೈದರಿಂದ ಹದಿನೆಂಟು ಅಡಿ ಅಂತರ. ಉಳಿದಿಬ್ಬರು ಇನ್ನೊಂದು ಬದಿಗೆ. ಮುಂದಿನ ಪಾಸ್ ಎಲ್ಲಿಗೆ ಅನ್ನುವುದು ಡಿಫೆಂಡರ್ ಎಲ್ಲಿ ನಿಂತಿದ್ದಾನೆ ಅನ್ನುವುದರ ಮೇಲೆ. ಓದಿ ಆಡುವವನಿಗೆ ಹೇಳಿ ಮಾಡಿಸಿದ ಪದ್ಧತಿ. ಫ್ರೀ ಥ್ರೋ ಗೆರೆಯ ತುದಿಯಲ್ಲಿ ಚೆಂಡು ಹಿಡಿದು ನಿಂತ ಓಡಮ್, ಬೆನ್ನ ಹಿಂದಿನಿಂದ ಓಡಿಬರುವವನಿಗೆ ಚೆಂಡನ್ನು ಕೈಬದಲಾಯಿಸಿದಂತೆ ಮಾಡಿ ತಾವೇ ಎಡಕ್ಕೆ ಜಾರಿಕೊಳ್ಳುವುದನ್ನು ನೋಡುವುದೇ ಒಂದು ಸುಖ. 2005-06ರಲ್ಲಿ 14.8 ಅಂಕ, 9.2 ರೀಬೌಂಡ್, 5.5 ಅಸಿಸ್ಟ್. ಅದೇ ವರ್ಷ ಕೋಬಿ ಪಂದ್ಯಕ್ಕೆ 27 ಎಸೆತ ಎಸೆದು 35.4 ಅಂಕ ಗಳಿಸಿದರು. ಒಂದು ತಂಡದಲ್ಲಿ ಎಸೆತಗಳು ಇರುವುದು ಇಷ್ಟೇ. 2008ರ ಫೆಬ್ರವರಿಯಲ್ಲಿ ಪೌ ಗಸೋಲ್ ಬಂದ ಮೇಲೆ ಓಡಮ್ ಮೂರನೆಯವರಾದರು, ಮರುವರ್ಷ ಬೆಂಚಿನಿಂದ ಎದ್ದು ಬರುವವರಾದರು. ಕೊನೆಗೆ ಒಪ್ಪಿಕೊಂಡರು. ತಂಡ 2009 ಮತ್ತು 2010ರಲ್ಲಿ ಚಾಂಪಿಯನ್ ಆಯಿತು. 2011ರಲ್ಲಿ 14.4 ಅಂಕ, 8.7 ರೀಬೌಂಡ್‌ನೊಂದಿಗೆ ಬೆಂಚಿನಿಂದ ಬಂದು ಆಡುವವರಿಗೆ ಕೊಡುವ ಅತ್ಯುತ್ತಮ ಆರನೇ ಆಟಗಾರ ಪ್ರಶಸ್ತಿ ಪಡೆದರು. ಲೇಕರ್ಸ್‌ನಿಂದ ಅದನ್ನು ಗೆದ್ದ ಮೊದಲಿಗರು ಅವರೇ. ಅದೇ ಡಿಸೆಂಬರ್‌ನಲ್ಲಿ ಅವರನ್ನು ಡಲ್ಲಾಸ್‌ಗೆ ಕೊಡಲಾಯಿತು, ಅಲ್ಲಿ ಸರಾಸರಿ 6.6 ಅಂಕಕ್ಕೆ ಇಳಿಯಿತು. ಆಮೇಲಿನದು ಇಳಿಜಾರು.

ಈಗ ನಮ್ಮ ಅಂಗಳಕ್ಕೆ ಬರೋಣ. ದಸರಾ ಕ್ರೀಡಾಕೂಟಕ್ಕೆ ತಂಡ ಕಟ್ಟುವಾಗ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳಲ್ಲಿ ಇಂಥ ಒಬ್ಬ ಹುಡುಗ ಅಥವಾ ಹುಡುಗಿ ಇದ್ದೇ ಇರುತ್ತಾರೆ. ಎತ್ತರ ಇದೆ, ಚೆಂಡು ಬಡಿಯಲು ಬರುತ್ತದೆ, ಪಾಸ್ ಕಣ್ಣಿದೆ. ಕೋಚ್ ಮಾಡುವ ಮೊದಲ ತಪ್ಪು, ತಂಡದಲ್ಲಿ ಎಲ್ಲಿ ತೂತು ಬಿತ್ತೋ ಅಲ್ಲಿಗೆ ಆ ಮಗುವನ್ನು ತುರುಕುವುದು. ಒಂದು ಋತುವಿಡೀ ಜಾಗ ಬದಲಿಸಬೇಡಿ. ಬದಲಿಸಲೇಬೇಕಾದರೆ ಡಿಫೆನ್ಸ್‌ನಲ್ಲಿ ಬದಲಿಸಿ, ಚೆಂಡು ನಮ್ಮ ಕಡೆ ಇದ್ದಾಗ ಅದೇ ಜಾಗಕ್ಕೆ ಮರಳಲಿ.

ಎರಡನೆಯದು, ಬಲಹೀನ ಕೈ. ಐದು ಕೋನ್ ಇಟ್ಟು ಅದರ ನಡುವೆ ಓಡಿಸಿದರೆ ಸಾಲದು, ಕೋನ್ ತಡೆಯುವುದಿಲ್ಲ. ಒಬ್ಬ ಡಿಫೆಂಡರ್‌ನನ್ನು ಬಲವಾದ ಕೈಯ ಸೊಂಟದ ಪಕ್ಕಕ್ಕೇ ನಿಲ್ಲಿಸಿ. ಮೂರಂಕದ ಗೆರೆಯಿಂದ ರಿಂಗ್‌ವರೆಗೆ ಎರಡೇ ಡ್ರಿಬಲ್, ಮುಗಿಸುವುದು ಬಲಹೀನ ಕೈಯಲ್ಲೇ. ಗಿರಕಿ ಹೊಡೆದು ಹಳೆಯ ಕೈಗೆ ಬಂದರೆ ಆ ಸುತ್ತು ಲೆಕ್ಕಕ್ಕಿಲ್ಲ. ದಿನಕ್ಕೆ 20 ಸರಿಯಾದ ಸುತ್ತು. ಮೊದಲ ಎರಡು ವಾರ ಲೇಅಪ್ ಬೋರ್ಡಿನ ಅಂಚಿಗೆ ಬಡಿಯುತ್ತದೆ, ಹುಡುಗರು ಬೇಸರ ಪಟ್ಟುಕೊಳ್ಳುತ್ತಾರೆ, ಅಲ್ಲಿ ಬಿಡಬಾರದು. ಇದರ ಜೊತೆಗೆ ಒಂದೇ ಜಾಗದಿಂದ ಒಂದೇ ಎಸೆತ. ಫ್ರೀ ಥ್ರೋ ಗೆರೆಯ ತುದಿ ಒಳ್ಳೆಯ ಜಾಗ. ಎಸೆದದ್ದನ್ನು ಎಣಿಸಬೇಡಿ, ಬಿದ್ದದ್ದನ್ನು ಎಣಿಸಿ, ದಿನಕ್ಕೆ 100. ಫ್ರೀ ಥ್ರೋ ಅಭ್ಯಾಸವನ್ನು ಬೆಳಗ್ಗೆ ಮೈ ಆರಾಮಾಗಿರುವಾಗ ಐವತ್ತು ಒಟ್ಟಿಗೆ ಹಾಕಿಸಿದರೆ ಉಪಯೋಗವಿಲ್ಲ. ಅಂಗಳದ ಉದ್ದ 28 ಮೀಟರ್. ಎರಡು ಸಲ ಹೋಗಿಬಂದು, ಏದುಸಿರಿನಲ್ಲೇ ಎರಡು ಫ್ರೀ ಥ್ರೋ. ಮತ್ತೆ ಓಟ, ಮತ್ತೆ ಎರಡು. ಪಂದ್ಯದಲ್ಲಿ ಸಿಗುವುದು ಹಾಗೇ ತಾನೆ.

ಕೊನೆಯ ವಿಷಯ ಅಂಕಪಟ್ಟಿಯದು. ನಮ್ಮ ಪಂದ್ಯಗಳ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಆಟಗಾರನ ಲೆಕ್ಕಕ್ಕೆ ದಾಖಲಾಗುವುದು ಅಂಕ ಮತ್ತು ಫೌಲ್. ರೀಬೌಂಡ್ ಇಲ್ಲ, ಅಸಿಸ್ಟ್ ಇಲ್ಲ. ಪಂದ್ಯಕ್ಕೆ ಹನ್ನೆರಡು ರೀಬೌಂಡ್ ಹಿಡಿದು, ಏಳು ಅಸಿಸ್ಟ್ ಕೊಟ್ಟು, ಆರು ಅಂಕ ಹಾಕಿದ ಹುಡುಗಿ ಮರುದಿನ ಆ ಹಾಳೆ ನೋಡುವವರಿಗೆ ಆರು ಅಂಕದವಳು ಅಷ್ಟೇ. ಓಡಮ್‌ಗೆ ಕಡೇ ಪಕ್ಷ ಅವರ ರೀಬೌಂಡ್, ಅಸಿಸ್ಟ್‌ಗಳನ್ನು ಬರೆದಿಡುವ ಲೀಗ್ ಇತ್ತು. ಇಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ಬೆಂಚಿನಲ್ಲಿ ಕೂತ ಒಬ್ಬರ ಕೈಗೆ ನೂರು ಪುಟದ ನೋಟ್‌ಬುಕ್ ಕೊಡಿ. ಅಡ್ಡಕ್ಕೆ ಹೆಸರು, ಉದ್ದಕ್ಕೆ ನಾಲ್ಕು ಕಾಲಂ: ರೀಬೌಂಡ್, ಅಸಿಸ್ಟ್, ಕಳೆದುಕೊಂಡ ಚೆಂಡು, ಕಿತ್ತುಕೊಂಡ ಚೆಂಡು. ಐದನೆಯದು, 5 ಸೆಕೆಂಡು ಉಳಿದಾಗ ಚೆಂಡು ಯಾರ ಕೈಯಲ್ಲಿತ್ತು, ಆಮೇಲೆ ಏನಾಯಿತು. ಸಿಮೆಂಟ್ ಅಂಗಳದಲ್ಲಿ 24 ಸೆಕೆಂಡಿನ ಗಡಿಯಾರ ಇರುವುದಿಲ್ಲ. ಅಭ್ಯಾಸ ಪಂದ್ಯದಲ್ಲಿ ಬೆಂಚಿನಿಂದ ಇನ್ನೊಬ್ಬರು ಹತ್ತೊಂಬತ್ತಾದ ಕೂಡಲೇ ಐದು, ನಾಲ್ಕು, ಮೂರು ಅಂತ ಗಟ್ಟಿಯಾಗಿ ಎಣಿಸಲಿ. ನಾಲ್ಕು ಪಂದ್ಯ ಕಳೆದ ಮೇಲೆ ಆ ಐದನೇ ಕಾಲಂನಲ್ಲಿ ಎಲ್ಲ ಬಲ್ಲ ಆ ಮಗುವಿನ ಹೆಸರು ಒಂದು ಸಲವೂ ಇಲ್ಲದಿದ್ದರೆ, ಮುಂದಿನ ಅಭ್ಯಾಸದಲ್ಲಿ ಐದು ಅನ್ನುವ ಕೂಗು ಕೇಳಿದಾಗಲೆಲ್ಲ ಚೆಂಡು ಅವರಿಗೇ ಹೋಗಬೇಕು ಎಂದು ಹೇಳಿಬಿಡಿ. ಮೊದಲ ದಿನ ಹತ್ತರಲ್ಲಿ ಎಂಟು ಕೆಡುತ್ತದೆ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ.

ನಮಸ್ಕಾರ.