ಗಾಡಿ ಬಂದರೆ ತಾನೇ ಡೇ ಕೇರ್

ಕೇಳುಗರೆಲ್ಲರಿಗೂ ನಮಸ್ಕಾರ.

ವಿಕಲಚೇತನರ ಡೇ ಕೇರ್ ಕೇಂದ್ರಗಳ ಕಷ್ಟಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಮಲೆನಾಡಿನ ಇಂಥ ಒಂದು ಕೇಂದ್ರದಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಷ್ಟಗಳು ಹತ್ತಾರಿವೆ. ನಾನು ಒಂದನ್ನೇ ಹಿಡಿದು ಹೇಳುತ್ತೇನೆ. ಗಾಡಿ. ಬೆಳಿಗ್ಗೆ ಮನೆಯಿಂದ ಕರೆದುಕೊಂಡು ಹೋಗಿ ಸಂಜೆ ತಂದು ಬಿಡುವ ಗಾಡಿ.

2016ರ ವಿಕಲಚೇತನರ ಹಕ್ಕುಗಳ ಕಾನೂನಿನ ಪ್ರಕಾರ ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಸಿಗಬೇಕು. ಸರಿ, 18 ದಾಟಿದ ಮೇಲೆ? ಶಾಲೆ ಬ್ಯಾಗು ಅಟ್ಟ ಸೇರುತ್ತದೆ, ಹುಡುಗ ಮೂಲೆ ಸೇರುತ್ತಾನೆ. ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಬೇರೆಯವರ ಜೊತೆ ಬೆರೆಯಲು ಕಷ್ಟವಾಗುವ ಆಟಿಸಂ ಇರುವವರು, ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಸಿಗದ ಸೆರೆಬ್ರಲ್ ಪಾಲ್ಸಿ ಇರುವವರು ಹಗಲು ಹೊತ್ತು ಎಲ್ಲಿಗೆ ಹೋಗಬೇಕು? ಅದಕ್ಕೇ ಡೇ ಕೇರ್. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನಲ್ಲಿ ‘ವಿಕಾಸ್’ ಅಂತ ಯೋಜನೆಯೇ ಇತ್ತು, ಈಗ ಅದು ‘ದಿಶಾ-ಕಮ್-ವಿಕಾಸ್’ ಅಂತಾಗಿದೆ. ವಿಕಾಸ್‌ನಲ್ಲಿ 10 ವರ್ಷ ದಾಟಿದವರಿಗೆ, ದಿನಕ್ಕೆ ಕಡಿಮೆ ಅಂದರೂ 6 ಗಂಟೆ ಅಂತಿತ್ತು. ಆ 6 ಗಂಟೆಯಲ್ಲಿ ತಾಯಿ ತೋಟಕ್ಕೆ ಹೋಗಿ ಕೂಲಿ ಮಾಡಿಕೊಂಡು ಬರಬಹುದು. ಆದರೆ ಗಾಡಿ ಬಂದರೆ ತಾನೇ?

ನಮ್ಮಲ್ಲೊಬ್ಬ ಹುಡುಗ ಬರುತ್ತಿದ್ದ. ವಯಸ್ಸು 26, ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ. ಮನೆ 14 ಕಿಲೋಮೀಟರ್ ದೂರ, ಗುಡ್ಡದ ಇಳಿಜಾರಿನಲ್ಲಿ ಒಂಟಿ ಮನೆ. ಅವನಿಗೆ ಎಣಿಸಲು ಬರುತ್ತಿರಲಿಲ್ಲ. ನಮ್ಮಲ್ಲಿ ಅಡಿಕೆ ಹಾಳೆ ತಟ್ಟೆಗಳನ್ನು 25ರ ಕಟ್ಟು ಕಟ್ಟುವ ಕೆಲಸ. ಏನು ಮಾಡುವುದು? ದೊಡ್ಡ ಹಲಗೆ ಮೇಲೆ 25 ಮನೆ ಬರೆದೆವು, ಚೌಕಾಬಾರದ ಮನೆಗಳ ಹಾಗೆ. ಮನೆಗೊಂದು ತಟ್ಟೆ ಇಡು, ಎಲ್ಲ ತುಂಬಿದರೆ ಒಂದು ಕಟ್ಟು. ಮೂರು ತಿಂಗಳು ಹಿಡಿಯಿತು. ಆಮೇಲೆ ಅವನು ಕಟ್ಟಿದ ಕಟ್ಟನ್ನು ನಾವು ಮತ್ತೆ ಎಣಿಸುವುದನ್ನೇ ಬಿಟ್ಟೆವು. ಸಂಜೆ ಮನೆಗೆ ಹೋಗಿ, ಎಷ್ಟು ಜನ ಇದ್ದಾರೋ ಅಷ್ಟೇ ಲೋಟ ಇಡುತ್ತಿದ್ದನಂತೆ. ಅವನ ಅಮ್ಮ ಇದನ್ನು ನನಗೆ ನಾಲ್ಕು ಸಲ ಹೇಳಿದ್ದಾರೆ. ಪ್ರತಿ ಸಲವೂ ಹೊಸ ಸುದ್ದಿ ಹೇಳುವ ಹಾಗೆ.

ಒಂದು ಮಳೆಗಾಲ ನಮ್ಮ ಜೀಪು ನಿಂತಿತು. ಡೀಸೆಲ್ ಖರ್ಚು ಕೊಡುತ್ತಿದ್ದವರು ಕೊಡುವುದು ನಿಲ್ಲಿಸಿದರು. ಮರುದಿನವೂ ಆ ಹುಡುಗ ಸ್ನಾನ ಮಾಡಿ, ಚೀಲ ಹಾಕಿಕೊಂಡು, ಉಣುಗೋಲಿನ, ಅಂದರೆ ಮರದ ಗಳುಗಳ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತ. ಹತ್ತು ಗಂಟೆವರೆಗೂ ನಿಂತ. ಅದರ ಮರುದಿನವೂ ನಿಂತ. ಹದಿನೈದು ದಿನ ಹೀಗೇ ಆಯಿತಂತೆ. ಆಮೇಲೆ ನಿಲ್ಲುವುದು ಬಿಟ್ಟ. ಸ್ನಾನವನ್ನೂ ಬಿಟ್ಟ. ಅಮ್ಮ ಕೂಲಿ ಬಿಟ್ಟರು, ಅವನನ್ನು ಒಬ್ಬನೇ ಬಿಡೋಕ್ಕಾಗಲ್ಲ ಅಲ್ವಾ?

ಎಂಟು ತಿಂಗಳಾದ ಮೇಲೆ ನಾನು ಆ ಮನೆಗೆ ಹೋದೆ. ನನ್ನನ್ನು ಕಂಡು ಬಾಗಿಲ ಹಿಂದೆ ಅಡಗಿಕೊಂಡ. ಆ ರಸ್ತೆಯ ಆರು ಮನೆಯವರು, ಪೇಟೆಯ ಇಬ್ಬರು ಅಂಗಡಿಯವರು ಸೇರಿ ಒಂದು ಆಟೋ ಗೊತ್ತು ಮಾಡಿದೆವು. ಕೇಂದ್ರಕ್ಕೆ ಬಂದವನು ಯಾರನ್ನೂ ಮಾತಾಡಿಸಲಿಲ್ಲ, ಸೀದಾ ಹೋಗಿ ಹಲಗೆ ಹುಡುಕಿದ. ಹಲಗೆ ಸಿಕ್ಕಿತು. ಎರಡನೇ ಸಾಲಿನ ನಡುವೆ ಕೈ ನಿಂತಿತು. ಮತ್ತೆ ಮೊದಲಿಂದ ಕಲಿಸಿದೆವು.

ಬಸ್ಸಿದೆಯಲ್ಲ, ಪಾಸಿದೆಯಲ್ಲ ಅನ್ನುವವರಿದ್ದಾರೆ. ನಿಜ, ಇದೆ. ಆದರೆ ಬಸ್ಸು ನಿಲ್ಲುವ ಜಾಗಕ್ಕೆ ಮೂರು ಕಿಲೋಮೀಟರ್ ನಡೆಯಬೇಕು. ಮೂರ್ಛೆ ಬರುವ ಮಗಳನ್ನು ಒಬ್ಬಳೇ ಹತ್ತಿಸುವ ತಾಯಿ ಯಾರು? ಜೊತೆಗೆ ಹೋದರೆ ತಾಯಿಯ ದಿನ ಅಲ್ಲಿಗೇ ಮುಗಿಯಿತು.

ಹುಟ್ಟುಹಬ್ಬಕ್ಕೆ ನಮ್ಮಲ್ಲಿಗೆ ಸಿಹಿ ತರುವವರು ಬಹಳ ಜನ. ಕಟ್ಟಡಕ್ಕೆ ಕೊಟ್ಟು ಕಲ್ಲಲ್ಲಿ ಹೆಸರು ಕೆತ್ತಿಸುವವರೂ ಇದ್ದಾರೆ. ಅವರ ಪ್ರೀತಿ ದೊಡ್ಡದು. ಆದರೂ ಕೈಮುಗಿದು ಕೇಳುತ್ತೇನೆ, ಒಂದು ತಿಂಗಳ ಡೀಸೆಲ್ ಕೊಡಿ. ಕೋಣೆ ಇದೆ, ಕುರ್ಚಿ ಇದೆ, ಮಕ್ಕಳು ಮನೆಯಲ್ಲಿದ್ದಾರೆ.

ಕಲಿಸುವವರ ಕಷ್ಟವನ್ನೂ ಹೇಳಬೇಕಿತ್ತು. ತರಬೇತಿ ಪಡೆದ ಹುಡುಗಿಯರು ಗೌರವಧನ ಸಾಲದೆ ವರ್ಷದೊಳಗೆ ಬಿಟ್ಟು ಹೋಗುತ್ತಾರೆ. ಇನ್ನೊಂದು, ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಮಾಡಿಸದಿದ್ದರೆ ಮಾಡಿಸಿಕೊಳ್ಳಿ.

ಕೊನೆಯದಾಗಿ ಪಂಚಾಯ್ತಿ ಸದಸ್ಯರಿಗೆ ಒಂದು ಮಾತು. ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಶೇಕಡ 5 ವಿಕಲಚೇತನರಿಗೆ ಅಂತ ಮೀಸಲಿದೆ. ಆ ಹಣ ಎಷ್ಟಿದೆ, ಯಾವುದಕ್ಕೆ ಹೋಯಿತು ಅಂತ ಲೆಕ್ಕ ತೆಗೆಸಿ ನೋಡಿ. ನಿಮ್ಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಎಷ್ಟೋ ಕಡೆ ಅವರೂ ವಿಕಲಚೇತನರೇ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತು. ಕೂರಿಸಿಕೊಂಡು ಒಂದು ಪಟ್ಟಿ ಮಾಡಿ, ಯಾವ ರಸ್ತೆ, ಎಷ್ಟು ಜನ, ಗಾಡಿ ಎಲ್ಲಿವರೆಗೆ ಬರಬಹುದು ಅಂತ. ಮನೆಯವರೂ ಸುಮ್ನೆ ಕೂರಬೇಡಿ. ಮುಂದಿನ ಗ್ರಾಮಸಭೆಗೆ ಮಗನನ್ನೂ ಮಗಳನ್ನೂ ಜೊತೆಗೇ ಕರೆದುಕೊಂಡು ಹೋಗಿ. ನಮ್ಮ ರಸ್ತೆಗೆ ಗಾಡಿ ಯಾವಾಗ ಬರುತ್ತೆ ಅಂತ ಎದ್ದು ನಿಂತು ಕೇಳಿ.

ನಮಸ್ಕಾರ.