ಬಾಗಿಲು ಮುಚ್ಚುವ ಮೊದಲು ಒಂದು ಮಾತು

ಕೇಳುಗರಿಗೆ ನಮಸ್ಕಾರ.

ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ಬಳಸಬಹುದಾದ ತಂತ್ರಾಂಶ, ಅಂದ ಕೂಡಲೇ ಅಲ್ಲಿ ಎಲ್ಲವೂ ಬಟಾಬಯಲು ಎಂದುಕೊಳ್ಳುತ್ತೇವೆ. ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಕಟ್ಟುವ ಸ್ವಯಂಸೇವಕರ ಡೆಬಿಯನ್ ಬಳಗವಂತೂ 1997ರಲ್ಲೇ ತನ್ನ ಸಾಮಾಜಿಕ ಒಪ್ಪಂದದಲ್ಲಿ ಮಾತು ಕೊಟ್ಟಿದೆ: ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಎಂಥ ಒಳ್ಳೆಯ ಮಾತು, ಅಲ್ವಾ?

ಆದರೂ ಕದ ಮುಚ್ಚಿ ಮಾತಾಡುವ ಹೊತ್ತು ಬಂದೇ ಬರುತ್ತದೆ. ತಂತ್ರಾಂಶದಲ್ಲಿ ಭದ್ರತೆಯ ದೋಷ ಸಿಕ್ಕಿತು ಎನ್ನಿ. ಸರಿಪಡಿಸುವ ಮೊದಲೇ ಸಾರಿಬಿಟ್ಟರೆ ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಅದಕ್ಕೇ ಡೆಬಿಯನ್‌ನಂತೆ ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಬಳಗಗಳ ಭದ್ರತಾ ತಂಡಗಳು ಅಂಥ ಸುದ್ದಿಯನ್ನು ತಮ್ಮೊಳಗೇ ಇಟ್ಟುಕೊಂಡು ತಿದ್ದುಪಡಿ ಸಿದ್ಧ ಮಾಡುತ್ತವೆ. ಅವರು ಹಂಚಿಕೊಂಡಿರುವ ಖಾಸಗಿ ಇಮೇಲ್ ಪಟ್ಟಿಯಲ್ಲಿ ಗುಟ್ಟಿಗೆ ಗಡುವು ಹೆಚ್ಚೆಂದರೆ 14 ದಿನ. ಆಮೇಲೆ ಹೇಳಲೇಬೇಕು. ಈ ಗಡುವು ನನಗೆ ತುಂಬಾ ಇಷ್ಟ. ಯಾವಾಗ ಹೊರಬರುತ್ತದೆ ಎಂದು ಗೊತ್ತಿರುವ ಗುಟ್ಟಿನ ಮೇಲೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ.

ಮನುಷ್ಯರ ವಿಷಯ ಇನ್ನೂ ನಾಜೂಕು. ಹಲವು ಓಪನ್ ಸೋರ್ಸ್ ತಂತ್ರಾಂಶಗಳಿಗೆ ನೆಲೆಯಾದ ಅಪಾಚೆ ಫೌಂಡೇಶನ್ನಿನ ಯೋಜನೆಗಳಲ್ಲಿ ತಾಂತ್ರಿಕ ಚರ್ಚೆ ಎಲ್ಲರೆದುರು ನಡೆಯಬೇಕು. ಆದರೆ ಹೊಸಬರೊಬ್ಬರಿಗೆ ಕೋಡ್ ಬದಲಿಸುವ ಹಕ್ಕು ಕೊಡಬೇಕೇ ಎಂಬ ಮಾತು ಸಾಮಾನ್ಯವಾಗಿ ಒಳಗೇ ನಡೆಯುತ್ತದೆ. "ಇವರು ಇನ್ನೂ ಪಳಗಬೇಕು" ಎಂಬ ಮಾತು ಊರಿಗೆಲ್ಲ ಕೇಳಿದರೆ ಆ ಮನುಷ್ಯ ಮತ್ತೆ ಬರುತ್ತಾನೆಯೇ? ಕಿರುಕುಳದ ದೂರು ಕೊಟ್ಟವರ ಹೆಸರೂ ಹಾಗೆಯೇ. ಅದು ಹೊರಬೀಳಬಾರದು. ದೂರಿನ ಮೇಲೆ ಏನಾದರೂ ಕ್ರಮ ಆಯಿತೇ ಎಂಬುದು ಮಾತ್ರ ಹೊರಗೆ ಬರಬೇಕು.

ಇಂಥ ಬಳಗಗಳಿಗೆ ದುಡಿಯುವ ಸ್ವಯಂಸೇವಕರಿಗೆ ನೋವಾಗುವುದು ಗುಟ್ಟಿನಿಂದಲ್ಲ. ಗುಟ್ಟೊಂದು ಇತ್ತು ಎಂದು ಆಮೇಲೆ ತಿಳಿದಾಗ. ಕೂಲಿ ಇಲ್ಲದೆ ತಮ್ಮ ಸಂಜೆಗಳನ್ನೆಲ್ಲ ಕೊಟ್ಟವರು ಅವರು. ವಿಕಿಪೀಡಿಯ ನಡೆಸುವ ಸಂಸ್ಥೆಯಲ್ಲಿ ಹೀಗೇ ಆಯಿತು. ಹುಡುಕಾಟದ ಹೊಸ ಯೋಜನೆಯೊಂದಕ್ಕೆ 2,50,000 ಡಾಲರ್ ಅನುದಾನ ಬಂದಿತ್ತು. ಆ ಯೋಜನೆ ನಿಜಕ್ಕೂ ಏನು ಎಂದು ವಿಕಿಪೀಡಿಯ ಬರೆಯುವ ಸ್ವಯಂಸೇವಕ ಸಂಪಾದಕರು ಕೇಳುತ್ತಲೇ ಇದ್ದರು. ಅನುದಾನದ ಒಪ್ಪಂದದ ಪತ್ರ ಹೊರಬಂದದ್ದು 2016ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಸಿಬ್ಬಂದಿಯ ನಂಬಿಕೆಯೂ ಹಳಸಿತ್ತು. ಅದೇ ತಿಂಗಳು ಕಾರ್ಯನಿರ್ವಾಹಕ ನಿರ್ದೇಶಕರು ರಾಜೀನಾಮೆ ಘೋಷಿಸಿದರು. "ಅನುದಾನದ ಮಾತು ನಡೆಯುತ್ತಿದೆ, ವಿವರ ಈಗ ಹೇಳಲಾಗದು, ಸಹಿಯಾದ ಮೇಲೆ ತಿಳಿಸುತ್ತೇವೆ" ಎಂದು ಮೊದಲೇ ಹೇಳಿದ್ದರೆ ಸಿಟ್ಟು ಇಷ್ಟು ಬೆಳೆಯುತ್ತಿರಲಿಲ್ಲ ಎಂದೇ ನನಗನಿಸುತ್ತದೆ.

ಗುಟ್ಟಿನ ಗಡಿಯನ್ನು ಎಲ್ಲರೂ ಕೂತು ಎಳೆದರೆ ಅದು ಬೇರೆಯೇ. ಡೆಬಿಯನ್‌ನಲ್ಲಿ ನಿರ್ಣಯಗಳಿಗೆ ಯಾರು ಹೇಗೆ ಮತ ಹಾಕಿದರು ಎಂಬುದು ಹೆಸರು ಸಮೇತ ಪ್ರಕಟವಾಗುತ್ತಿತ್ತು. ಮತ ಹಾಕಿದ್ದಕ್ಕೇ ಹೊರಗಿನವರು ಕಾಡಿಯಾರು ಎಂಬ ಅಂಜಿಕೆ ಬಂತು. 2022ರಲ್ಲಿ ಸದಸ್ಯರು ಎಲ್ಲರೆದುರು ಚರ್ಚಿಸಿ, ಮತಕ್ಕೆ ಹಾಕಿ, ಇನ್ನು ಮುಂದೆ ಹೆಸರು ಬೇಡ ಎಂದು ತೀರ್ಮಾನಿಸಿದರು. ಜೊತೆಗೇ ಇನ್ನೊಂದು ಸಾಲು ಸೇರಿಸಿದರು: ತನ್ನ ಮತ ಎಣಿಕೆಗೆ ಸೇರಿದೆಯೇ ಎಂದು ಪ್ರತಿಯೊಬ್ಬ ಸದಸ್ಯನೂ ಸ್ವತಃ ನೋಡಿಕೊಳ್ಳಬಹುದು.

ನಮಸ್ಕಾರ.