ಪಾಸ್‌ಪೋರ್ಟ್ ಭಾರತದ್ದು, ಮತ ಈ ಊರಿನದು

ಕೇಳುಗರಿಗೆ ನಮಸ್ಕಾರ.

ಕೆಲಸದ ವೀಸಾದಲ್ಲಿ ಇಂಗ್ಲೆಂಡಿಗೆ ಬಂದು ಬಾಡಿಗೆ ಮನೆಯಲ್ಲಿರುವ ದಂಪತಿಗಳು, ರಾತ್ರಿ ಪಾಳಿ ಮುಗಿಸಿ ಮಲಗುವ ಮುನ್ನ ರೇಡಿಯೊ ಹಚ್ಚಿರುವ ನರ್ಸ್, ಎಂ.ಎಸ್ಸಿ. ಓದಲು ಬಂದಿರುವ ಹುಡುಗ ಹುಡುಗಿಯರು, ಇವತ್ತಿನ ನನ್ನ ಮಾತು ನಿಮಗೆ. ನಗರ ಯೋಜನೆ ನನ್ನ ವೃತ್ತಿ. ಇವತ್ತು ನಾನು ಹೇಳಬೇಕಾದ ವಿಷಯ ಒಂದೇ. ನಿಮ್ಮ ಬಡಾವಣೆಯ ಯೋಜನೆಯ ಮೇಲೆ ಮತದಾನ ಬಂದರೆ, ನಿಮ್ಮ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆದರೂ, ಮತ ಹಾಕುವ ಹಕ್ಕು ನಿಮಗಿದೆ. ಹೋಗಿ ಹಾಕಿ.

ಈ ಮಾತು ಹೇಳಿದಾಗಲೆಲ್ಲ ನಮ್ಮವರು ನನ್ನ ಮುಖವನ್ನೇ ನೋಡುತ್ತಾರೆ. "ನಮಗೆ ಇಲ್ಲಿ ಓಟು ಎಲ್ಲಿಂದ ಬಂತು ಸರ್, ನಾವು ಇಲ್ಲಿನ ಪ್ರಜೆಗಳಲ್ಲವಲ್ಲ" ಎನ್ನುತ್ತಾರೆ. ಭಾರತ ಕಾಮನ್‌ವೆಲ್ತ್ ದೇಶ. ಬ್ರಿಟನ್ನಿನಲ್ಲಿ ಇರಲು ಅನುಮತಿ ಪಡೆದು ವಾಸವಾಗಿರುವ ಕಾಮನ್‌ವೆಲ್ತ್ ಪ್ರಜೆಗಳಿಗೆ ಇಲ್ಲಿನ ಚುನಾವಣೆಗಳಲ್ಲಿ ಮತವಿದೆ. ಸ್ಥಳೀಯ ಜನಮತ ಸಂಗ್ರಹದಲ್ಲಿಯೂ ಇದೆ. ಹದಿನೆಂಟು ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ವಿಳಾಸ ಆ ಬಡಾವಣೆಯಲ್ಲಿರಬೇಕು. ಅಷ್ಟೇ. ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂದು ಯಾರೂ ಕೇಳುವುದಿಲ್ಲ.

ಏನಿದು ಬಡಾವಣೆಯ ಯೋಜನೆ? ಇಲ್ಲಿ ಎಲ್ಲರ ಬಾಯಲ್ಲೂ ಇದು ನೇಬರ್‌ಹುಡ್ ಪ್ಲಾನ್. 2011ರ ಲೋಕಲಿಸಂ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮ ಗ್ರಾಮ ಪಂಚಾಯಿತಿಯಂಥ ಊರಿನ ಪ್ಯಾರಿಷ್ ಕೌನ್ಸಿಲ್, ಅದು ಇಲ್ಲದ ಕಡೆ ಕನಿಷ್ಠ 21 ಮಂದಿ ಸೇರಿ ಕಟ್ಟಿಕೊಂಡ ವೇದಿಕೆ, ತಮ್ಮ ಪ್ರದೇಶಕ್ಕೆ ತಾವೇ ಯೋಜನೆ ಬರೆಯುತ್ತದೆ. ಹೊಸ ಮನೆಗಳು ಎಲ್ಲಿ ಬರಬೇಕು, ಎಷ್ಟು ಎತ್ತರ ಇರಬೇಕು, ಮಕ್ಕಳು ಆಡುವ ಯಾವ ಹಸಿರು ಜಾಗವನ್ನು ಮುಟ್ಟಬಾರದು, ಯಾವ ಅಂಗಡಿ ಬೀದಿ ಉಳಿಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಜನರ ಅಭಿಪ್ರಾಯ ಕೇಳುತ್ತಾರೆ, ಸ್ವತಂತ್ರ ಪರೀಕ್ಷಕರೊಬ್ಬರು ತಿದ್ದುತ್ತಾರೆ. ಕೊನೆಗೆ ಮತಪತ್ರ ನಿಮ್ಮ ಮುಂದೆ ಬರುತ್ತದೆ. ಅದರಲ್ಲಿರುವುದು ಒಂದೇ ಪ್ರಶ್ನೆ: ಕಟ್ಟಡಗಳ ಅರ್ಜಿಗಳನ್ನು ತೀರ್ಮಾನಿಸುವಾಗ ಕೌನ್ಸಿಲ್, ಅಂದರೆ ಅನುಮತಿ ಕೊಡುವ ಸ್ಥಳೀಯ ಆಡಳಿತ, ಈ ಯೋಜನೆಯನ್ನು ಬಳಸಬೇಕೇ? ಹೌದು ಅಥವಾ ಇಲ್ಲ. ಚಲಾಯಿತ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು "ಹೌದು" ಬಿದ್ದರೆ ಯೋಜನೆಗೆ ಕಾನೂನಿನ ಬಲ ಬರುತ್ತದೆ.

ನಮ್ಮ ಊರುಗಳಲ್ಲಿ ನಾವು ಕಂಡ ರೀತಿ ಬೇರೆ. ಬೆಂಗಳೂರಿನ ಮಾಸ್ಟರ್ ಪ್ಲಾನ್ ಕರಡು ಹೊರಬಂದರೆ ಆಕ್ಷೇಪಣೆ ಸಲ್ಲಿಸಬಹುದು. ನಕ್ಷೆಯನ್ನು ಎದುರಿಗಿಟ್ಟುಕೊಂಡು ಅದರ ಮೇಲೆ ಮತ ಹಾಕಿದವರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದಲೇ ಇಂಥ ಮತ ಇರುತ್ತದೆಂಬ ಕಲ್ಪನೆಯೇ ನಮಗೆ ಬರುವುದಿಲ್ಲ ಎಂದು ನನಗೆ ಅನಿಸುತ್ತದೆ. ಆದರೆ ಇಲ್ಲಿ ಇದೆ. ನಿಮಗೂ ಇದೆ.

ಒಂದು ಮತದಿಂದ ಏನಾಗುತ್ತದೆ ಎನ್ನುವವರಿಗೆ ನಾನು ಸೇಂಟ್ ಐವ್ಸ್ ಕಥೆ ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗದ ಕಥೆ ಇದು.

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ, ಕಾರ್ನ್‌ವಾಲ್‌ನಲ್ಲಿ, ಸೇಂಟ್ ಐವ್ಸ್ ಎಂಬ ಪುಟ್ಟ ಊರಿದೆ. ಒಂದು ಕಾಲದಲ್ಲಿ ಮೀನುಗಾರರ ಊರು. ಅಲ್ಲಿನ ಬೆಳಕಿಗೆ ಮನಸೋತು ಚಿತ್ರಕಾರರು ಬಂದರು. 1993ರಲ್ಲಿ ಟೇಟ್ ಸಂಸ್ಥೆಯ ಗ್ಯಾಲರಿಯೂ ಬಂತು. ಪ್ರವಾಸಿಗಳು ಬಂದರು, ಅವರ ಹಿಂದೆಯೇ ಹಣವಂತರು ಬಂದು ಬಂದರಿನ ಸುತ್ತಲಿನ ಮನೆಗಳನ್ನು ರಜೆಗೆಂದು ಕೊಂಡರು. ನಾಲ್ಕು ಮನೆಗಳಲ್ಲಿ ಸುಮಾರು ಒಂದು ಮನೆ ಎರಡನೆಯ ಮನೆಯೋ ರಜೆಯ ಬಾಡಿಗೆ ಮನೆಯೋ ಆಯಿತು. ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲ, ಚಳಿಗಾಲದಲ್ಲಿ ಬೀದಿಗೆ ಬೀದಿಯೇ ಕತ್ತಲು. ಅಲ್ಲೇ ಹುಟ್ಟಿ ಬೆಳೆದು ಹೋಟೆಲಿನಲ್ಲಿ, ದೋಣಿಯಲ್ಲಿ, ಶಾಲೆಯಲ್ಲಿ ದುಡಿಯುವ ಮಕ್ಕಳಿಗೆ ಊರಿನಲ್ಲಿ ಮನೆ ಕೊಳ್ಳುವ ಶಕ್ತಿ ಇರಲಿಲ್ಲ. ಹೊಸ ಮನೆ ಕಟ್ಟಿದರೂ ಅದು ಹೊರಗಿನವರ ಪಾಲಾಗುತ್ತಿತ್ತು.

ಊರವರು ತಮ್ಮ ಯೋಜನೆಯಲ್ಲಿ ಒಂದು ನಿಯಮ ಬರೆದರು. ಇನ್ನು ಮುಂದೆ ಕಟ್ಟುವ ಹೊಸ ಮನೆ, ಅದರಲ್ಲಿ ಕಾಯಂ ಆಗಿ ವಾಸಿಸುವವರಿಗೆ ಮಾತ್ರ. ವಾಸವಿದ್ದೇವೆ ಎಂಬುದಕ್ಕೆ ಪುರಾವೆ ಕೊಡಬೇಕು: ಮತದಾರರ ಪಟ್ಟಿಯಲ್ಲಿ ಹೆಸರು, ಊರಿನ ವೈದ್ಯರಲ್ಲಿ ನೋಂದಣಿ, ಮಕ್ಕಳ ಶಾಲೆ, ಇಂಥವು. ಇದು ಹಳೆಯ ಮನೆಗಳಿಗೆ ಅನ್ವಯವಾಗುವುದಿಲ್ಲ, ಹೊಸದಕ್ಕೆ ಮಾತ್ರ. ಇಷ್ಟಕ್ಕೇ ದೇಶದ ಪತ್ರಿಕೆಗಳೆಲ್ಲ ಅತ್ತ ತಿರುಗಿದವು. 2016ರ ಮೇ ತಿಂಗಳಲ್ಲಿ ಮತದಾನ ನಡೆಯಿತು. ಮತ ಹಾಕಿದವರಲ್ಲಿ ಶೇ. 83ರಷ್ಟು ಮಂದಿ ಹೌದು ಎಂದರು. ಆಮೇಲೆ ಕಟ್ಟಡ ವಿನ್ಯಾಸದ ಸಂಸ್ಥೆಯೊಂದು ಹೈಕೋರ್ಟಿಗೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಹೈಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು. ಊರಿನ ನಿಯಮ ನಿಂತಿತು. ಕಾರ್ನ್‌ವಾಲ್‌ನ ಬೇರೆ ಊರುಗಳೂ ಅದೇ ಬಗೆಯ ನಿಯಮ ಬರೆದುಕೊಂಡವು.

ಈ ನಿಯಮ ಸರಿಯೋ ತಪ್ಪೋ ಎಂದು ಅರ್ಥಶಾಸ್ತ್ರಜ್ಞರು ವಾದ ಮಾಡಲಿ. ನನಗೆ ಮುಖ್ಯವಾದದ್ದು ಅದನ್ನು ತೀರ್ಮಾನಿಸಿದವರು ಯಾರು ಎಂಬುದು. ಲಂಡನ್ನಿನ ಮಂತ್ರಿಯಲ್ಲ, ಮನೆ ಕಟ್ಟುವ ಕಂಪನಿಯಲ್ಲ. ಆ ದಿನ ಮತಗಟ್ಟೆಗೆ ನಡೆದುಹೋದ ಸೇಂಟ್ ಐವ್ಸ್ ಜನ. ಅಲ್ಲಿನ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ, ಪಟ್ಟಿಯಲ್ಲಿ ಹೆಸರಿರುವ ಭಾರತೀಯನೊಬ್ಬ ಇದ್ದಿದ್ದರೆ ಅವನಿಗೂ ಅದೇ ಮತಪತ್ರ ಸಿಗುತ್ತಿತ್ತು.

ಸಮಯ ಆಗುತ್ತಿದೆ ಎಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಈ ಮತದಾನಕ್ಕೆ ಇಷ್ಟೇ ಮಂದಿ ಬರಲೇಬೇಕೆಂಬ ಕನಿಷ್ಠ ಮಿತಿ ಇಲ್ಲ. 2013ರ ಮಾರ್ಚಿನಲ್ಲಿ ಕಂಬ್ರಿಯಾದ ಅಪ್ಪರ್ ಈಡನ್‌ನಲ್ಲಿ ನಡೆದ ಮೊಟ್ಟಮೊದಲ ಮತದಾನಕ್ಕೆ ಬಂದವರು ಮೂವರಲ್ಲಿ ಒಬ್ಬರು ಮಾತ್ರ. ಅವರ ತೀರ್ಮಾನವೇ ಎಲ್ಲರ ತೀರ್ಮಾನವಾಯಿತು. ನೀವು ಮನೆಯಲ್ಲಿ ಉಳಿದರೆ ನಿಮ್ಮ ಬೀದಿಯ ಬಗ್ಗೆಯೂ ಹೀಗೆಯೇ ಬೇರೆಯವರು ತೀರ್ಮಾನಿಸುತ್ತಾರೆ.

ಹಣದ ಮಾತೂ ಇದೆ. ಹೊಸ ಕಟ್ಟಡಗಳ ಮೇಲೆ ಮೂಲಸೌಕರ್ಯ ಶುಲ್ಕ ವಿಧಿಸುವ ಕೌನ್ಸಿಲ್‌ಗಳಲ್ಲಿ, ಯೋಜನೆ ಜಾರಿಯಲ್ಲಿರುವ ಊರಿಗೆ ಆ ಶುಲ್ಕದ ಶೇ. 25 ಪಾಲು ಸಲ್ಲುತ್ತದೆ. ಯೋಜನೆ ಇಲ್ಲದ ಊರಿಗೆ ಶೇ. 15, ಅದಕ್ಕೂ ಗರಿಷ್ಠ ಮಿತಿ ಇದೆ. ಆಟದ ಮೈದಾನ, ಪಾದಚಾರಿ ದಾರಿ ಇಂಥವಕ್ಕೆ ಈ ಹಣ ಬಳಕೆಯಾಗುತ್ತದೆ.

ಇನ್ನು, ಯೋಜನೆಗೆ ಹೌದು ಎಂದರೆ ಮನೆ ಕಟ್ಟುವುದೇ ನಿಂತುಹೋಗುತ್ತದೆ ಎಂದು ಅಕ್ಕಪಕ್ಕದವರು ಹೇಳಿದರೆ ನಂಬಬೇಡಿ. ಕೌನ್ಸಿಲ್ ನಿಗದಿ ಮಾಡಿದ ಮನೆಗಳ ಸಂಖ್ಯೆಗಿಂತ ಕಡಿಮೆ ಮಾಡಲು ಇದರಿಂದ ಆಗದು. ಎಲ್ಲಿ, ಹೇಗೆ ಎಂಬುದನ್ನು ಹೇಳಬಹುದು. ಯೋಜನೆಯನ್ನು ಓದಿ, ಇಷ್ಟವಾಗದಿದ್ದರೆ "ಇಲ್ಲ" ಎಂದೇ ಗುರುತು ಹಾಕಿ. ಅದೂ ಮತವೇ.

ಹೆಸರು ಸೇರಿಸಲು ಕೌನ್ಸಿಲ್‌ನಿಂದ ವರ್ಷಕ್ಕೊಮ್ಮೆ ಮನೆಗೆ ಪತ್ರ ಬರುತ್ತದೆ. ಅದನ್ನು "ಬ್ರಿಟಿಷರಿಗೆ" ಎಂದು ದಯವಿಟ್ಟು ಮರುಬಳಕೆಯ ಡಬ್ಬಿಗೆ ಹಾಕಬೇಡಿ. ಸರ್ಕಾರದ ಜಾಲತಾಣದಲ್ಲಿಯೂ ಹೆಸರು ಸೇರಿಸಬಹುದು, ಕೆಲವು ನಿಮಿಷಗಳ ಕೆಲಸ. ರಾಷ್ಟ್ರೀಯತೆಯ ಜಾಗದಲ್ಲಿ ಭಾರತೀಯ ಎಂದು ನಿಸ್ಸಂಕೋಚವಾಗಿ ಬರೆಯಿರಿ. ಮತದಾನಕ್ಕೆ 12 ಕೆಲಸದ ದಿನಗಳ ಮುಂಚೆ ಇದು ಮುಗಿದಿರಬೇಕು.

ಮತಗಟ್ಟೆಗೆ ಹೋಗುವಾಗ ಭಾವಚಿತ್ರವಿರುವ ಗುರುತಿನ ದಾಖಲೆ ಬೇಕು. 2023ರ ಮೇ ತಿಂಗಳಿಂದ ಈ ನಿಯಮ ಬಂದಿದೆ. ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟ್‌ಗೆ ಮಾನ್ಯತೆ ಇದೆ, ಅಂದರೆ ನಿಮ್ಮ ಭಾರತದ ಪಾಸ್‌ಪೋರ್ಟ್ ಸಾಕು. ಮತಗಟ್ಟೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಪಾಳಿಯ ಕೆಲಸದವರು ಅಂಚೆ ಮತಕ್ಕೆ ಮೊದಲೇ ಅರ್ಜಿ ಹಾಕಿಕೊಳ್ಳಿ. ರಾತ್ರಿ ಹತ್ತಕ್ಕೆ ನೀವು ಸಾಲಿನಲ್ಲಿ ನಿಂತಿದ್ದರೆ ಬಾಗಿಲು ಮುಚ್ಚಿದರೂ ಮತ ಹಾಕಲು ಬಿಡಲೇಬೇಕು.

ನಮಸ್ಕಾರ.